ಮೂರನೇ ಬ್ಲೇಡು

ಪೆನ್ಷನ್ ಮೊಹಲ್ಲಾದ ಹಯಾತ್ ಸಾಬಿಯ ಶೆಡ್ಡಿನಲ್ಲಿ
ಮರದ ದಿಮ್ಮಿಗಳ ಮೇಲೆ
ಹಿಂದಿನ ಎರಡೂ ಗಾಲಿ ಬಿಚ್ಚಿಸಿಕೊಂಡು ಕೂತಿದೆ
ಐವತ್ತಾರರ ಲ್ಯಾಂಡ್‌ಮಾಸ್ಟರ್,
ಅಪ್ಪನ ಕಾರು.
ಕಾರು ಅನ್ನುವುದು ನಾವು. ಸಂತೆಪೇಟೆಯವರಿಗೆ
ಅದು ಆಲೂಗಡ್ಡೆ ಗಾಡಿ.

ಹಿಂದಿನ ಸೀಟು ಕಿತ್ತು ಗೋಣಿ ಹಾಸಿ
ಆರು ಮೂಟೆ ಬಿತ್ತನೆ ಗಡ್ಡೆ ಹೇರುತ್ತಿದ್ದ.
ಆರನೆಯದರ ಮೇಲೆ ನಾನು.
ಮೊಳಕೆಯ ಹಸಿ ವಾಸನೆ, ಪೆಟ್ರೋಲಿನ ವಾಸನೆ
ಎರಡೂ ಬೇರೆ ಬೇರೆ ಎಂದು
ನನಗೆ ತಿಳಿದದ್ದು ಮದುವೆಯಾದ ಮೇಲೆ.

ಕಾರು ಎಡಕ್ಕೆ ವಾಲುತ್ತಿತ್ತು.
ರಸ್ತೆಯೇ ಹಾಗೆ ಅನ್ನುತ್ತಿದ್ದ ಅಪ್ಪ:
ದುದ್ದದ ದಾರಿ, ಸಾಲಗಾಮೆ ದಾರಿ,
ಊರಿಗೆ ಬರುವ ಹೋಗುವ ಎಲ್ಲ ದಾರಿಯೂ.
ಎಡಗಡೆ ಕೂರುತ್ತಿದ್ದ ಅವ್ವ
"ನನ್ನ ತೂಕ ಅಲ್ಲ" ಎಂದು ಒಂದು ಸಲ ಹೇಳಿ
ಸುಮ್ಮನಾದಳು.

ಹಯಾತ್ ಸಾಬಿ ಎರಡೂ ಕಮಾನು ಬಿಚ್ಚಿ
ಸೀಮೆಎಣ್ಣೆಯಲ್ಲಿ ತೊಳೆದು ನೆಲಕ್ಕೆ ಹರಡಿದ,
ದೊಡ್ಡದರಿಂದ ಚಿಕ್ಕದಕ್ಕೆ,
ಫೋಟೋಕ್ಕೆ ಮಕ್ಕಳನ್ನು ನಿಲ್ಲಿಸಿದ ಹಾಗೆ.
ಬಲಗಡೆಯದು ಏಳು. ಎಡಗಡೆಯದು ಆರು.
ಇನ್ನೊಮ್ಮೆ ಎಣಿಸಿದ.
"ಮೂರನೇದು ಇಲ್ಲ ಅಕ್ಕಾ. ಯಾರೋ ತಿಂದವ್ರೆ."

ಒಂದೊಂದು ಬ್ಲೇಡಿನ ನಟ್ಟನಡುವೆ ಒಂದು ತೂತು,
ಸೆಂಟರ್ ಬೋಲ್ಟು ಹಾಯುವುದಕ್ಕೆ.
ಕಿರುಬೆರಳ ತುದಿ ಹಿಡಿಸುವಷ್ಟು.
ಬೆರಳಿಟ್ಟವಳು
ತೆಗೆಯದೆ ನಿಂತೆ.
ಈ ತೂತು ನನಗೆ ಗೊತ್ತು.

ನಮ್ಮ ಅಡುಗೆಮನೆಯ ಮಚ್ಚು.
ತೆಂಗಿನಕಾಯಿ ಒಡೆದದ್ದು, ಹಲಸು ಸೀಳಿದ್ದು,
ಹಿತ್ತಲಿಗೆ ಬಂದ ಕೊಳಕುಮಂಡಲವನ್ನು ಒಮ್ಮೆ ಎರಡಾಗಿಸಿದ್ದು.
ಅದರ ಹಿಡಿಯ ತುದಿಯಲ್ಲೊಂದು ತೂತು.
ನಲವತ್ತು ವರ್ಷ ಮೊಳೆಗೆ ತೂಗುಹಾಕಿದೆವು
ಮೊಳೆಗೆಂದೇ ಕೊರೆದದ್ದು ಅಂದುಕೊಂಡು.

ಗಡ್ಡೆಗೆ ಅಂಗಮಾರಿ ಬಡಿದ ವರ್ಷ
ಕಾರು ಚಪ್ಪರದಡಿ ಸುಮ್ಮನೆ ನಿಂತಿತ್ತು.
ಹೊರೆಯಿಲ್ಲದ ಗಾಡಿಗೆ ಏಳು ಯಾಕೆ ಅಂದುಕೊಂಡನೋ ಏನೋ.
ಮಲ್ಲಾಚಾರಿಯ ಕುಲುಮೆಯಲ್ಲಿ
ಒಂದು ಬ್ಲೇಡು ಎರಡು ಮಚ್ಚಾಯಿತು:
ತೂತಿದ್ದ ಅರ್ಧ ನಮಗೆ,
ತೂತಿಲ್ಲದ್ದು ಕೂಲಿಗೆ.
ಅಪ್ಪ ಯಾರಿಗೂ ಹೇಳಲಿಲ್ಲ.
ರಸ್ತೆಯನ್ನು ದೂರಿದ.

ತಣ್ಣೀರುಹಳ್ಳದ ಅಂಗಡಿಯಿಂದ ಹೊಸದು ಬಂತು,
ಬೆಂಕಿಯ ನೀಲಿ ಇನ್ನೂ ಮೈಮೇಲೆ.
ಗ್ರೀಸು ಬಳಿದು ಏಳನ್ನೂ ಪೇರಿಸಿ
ವೈಸಿನಲ್ಲಿ ಒತ್ತಿ ಬೋಲ್ಟು ತೂರಿಸಿದ.
ಮುಂದಿನ ಕಣ್ಣಿಗೆ ಪಿನ್ನು, ಹಿಂದಕ್ಕೆ ಶ್ಯಾಕಲ್ಲು.
ಆಕ್ಸಲ್ಲನ್ನು ಇಬ್ಬರು ಹೊತ್ತು ತಂದರು,
ನಡುವೆ ಡಿಫ್ರೆಂಷಲ್ಲಿನ ಗುಂಡು ಹೊಟ್ಟೆ.
ಜಯಶೀಲ ಜಾಕಿ ತಿರುಗಿಸಿದ, ಸಾಬಿ ಮಲಗಿ ನೋಡಿದ,
ಇನ್ನೊಂದು ನೂಲು, ಇನ್ನೊಂದು, ಸಾಕು ಸಾಕು,
ಬೋಲ್ಟಿನ ತಲೆ ಗುಳಿಗೆ ಟಕ್ಕೆಂದು ಕೂತಿತು.
ನಾಲ್ಕು ಯು-ಬೋಲ್ಟು. ಎದುರುಬದುರಿನ ನಟ್ಟು
ಸರದಿಯ ಮೇಲೆ ಬಿಗಿದ.
ಶ್ಯಾಕಲ್ಲಿನದು ಮಾತ್ರ ಸಡಿಲ ಬಿಟ್ಟ.

ಯಾಕೆಂದೆ.
"ಗಾಲಿ ನೆಲಕ್ಕಿಳೀಬೇಕು, ಮೈಭಾರ ಬೀಳ್ಬೇಕು,
ಆಮೇಲೆ ಬಿಗಿ. ಗಾಳೀಲಿ ತೂಗಾಡ್ವಾಗ್ಲೇ ಬಿಗಿದ್ರೆ
ಬುಷ್ಷು ತಿರುಚ್ಕೊಂಡು ಆರೇ ತಿಂಗ್ಳಿಗೆ ಪುಡಿ ಅಕ್ಕಾ."

ದಿಮ್ಮಿ ತೆಗೆದರು. ಕಾರು ಒಮ್ಮೆ ನರಳಿ ಕೂತಿತು.
ನಾವು ಮೂವರೂ ಹಿಂದೆ ಹತ್ತಿ ಕುಪ್ಪಳಿಸಿದೆವು.
ಸಾಲದು ಅಂದ.
ಎದುರಿನ ಮಂಡಿಯಿಂದ ನಾಲ್ಕು ಮೂಟೆ
ಆಲೂಗಡ್ಡೆ ಕಡ ತಂದು ಹೇರಿದ.
ಆಮೇಲೆ ಬಿಗಿದ.

ಸಂಜೆ ಸಾಲಗಾಮೆ ರಸ್ತೆಯಲ್ಲಿ ಓಡಿಸಿದೆ.
ಗಾಡಿ ಸಮ. ರಸ್ತೆಯೂ ಸಮ.
ನನ್ನ ಮೈ ಮಾತ್ರ ಬಲಕ್ಕೆ ವಾಲುತ್ತಿತ್ತು
ಇಲ್ಲದ ಇಳಿಜಾರನ್ನು ಸರಿದೂಗಿಸುತ್ತ.

ಮನೆಗೆ ಬಂದು ಮಚ್ಚು ಇಳಿಸಿ
ರಾತ್ರಿಯ ಸಾರಿಗೆ ಕಾಯಿ ಒಡೆದು
ತೊಳೆದು ಒರೆಸಿ ಮತ್ತೆ ತೂಗುಹಾಕಿದೆ.
ಮೊಳೆಗೆ ಸರಿಯಾಗಿ ಕೂತಿತು,
ಅದಕ್ಕೆಂದೇ ಕೊರೆದ ಹಾಗೆ.